ಎಡಬದಿಯ ಬಾಗಿಲು

"ನಿನ್ನಣ್ಣ ಕೇಳಿದರೆ ನೀನೇ ತಾಗಿಸಿದ್ದು ಅಂತ ಹೇಳು," ಎಂದ ಗಂಡ, ಗ್ಯಾರೇಜಿನ ಶೆಡ್ಡಿನ ಮುಂದೆ ಕಾರು ನಿಲ್ಲಿಸುತ್ತ. "ರಿವರ್ಸ್ ತಗೊಳ್ಳುವಾಗ ಗೇಟಿನ ಕಂಬಕ್ಕೆ. ಅಷ್ಟೇ. ಜಾಸ್ತಿ ಎಳೆಯೋದು ಬೇಡ."

ಅವಳು ತಲೆಯಾಡಿಸಿದಳು. ಬೆಳಿಗ್ಗೆ ಪಕ್ಕದ ಮನೆಯವರು ಕೇಳಿದಾಗ, ಯಾವನೋ ಸ್ಕೂಟರಿನವನು ಕಾರಿಗೆ ಗುದ್ದಿ ಓಡಿಹೋದ ಎಂದಿದ್ದ. ಅಣ್ಣನ ಹತ್ತಿರ ಆ ಮಾತು ನಡೆಯುವುದಿಲ್ಲ. ಯಾವ ಸ್ಕೂಟರು, ಎಲ್ಲಿ, ಹೇಗಿದ್ದ ಎಂದು ಬೆನ್ನು ಹತ್ತುತ್ತಾನೆ. ಹಾಗಾಗಿ ದಾರಿಯಲ್ಲಿ ಸ್ಕೂಟರು ಹೋಗಿ ಕಂಬ ಬಂದಿತ್ತು.

ರಜೆಯ ದಿನವಾದ್ದರಿಂದ ಶಟರು ಅರ್ಧ ಇಳಿದಿತ್ತು. ಅಣ್ಣ ಅದರಡಿಯಿಂದ ಬಗ್ಗಿ ಹೊರಬಂದ. "ಬನ್ನಿ ಭಾವ," ಎಂದ. "ರಜಾದಿನಾನೂ ಬಿಡಲಿಲ್ಲ ನಿಮ್ಮನ್ನ, ಭಾವ," ಎಂದು ಗಂಡ ನಕ್ಕ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು, ಬಹುವಚನ ಬಿಟ್ಟು ಮಾತಾಡುತ್ತಿರಲಿಲ್ಲ. ಬೇರೆಯವರ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ತಗಡು ಬಡಿದ ಅಣ್ಣನಿಗೆ ಸ್ವಂತ ಜಾಗ ಅಂತ ಆಗಿದ್ದೇ ಈ ಮದುವೆಯಿಂದ. ಗಂಡನ ಮನೆಯವರ ಹಳೆಯ ಗೋದಾಮು ಖಾಲಿ ಬಿದ್ದಿತ್ತು. ಬಳಸಿಕೊಳ್ಳಲಿ ಬಿಡಿ ಎಂದು ಗಂಡನೇ ಮುಂದೆ ನಿಂತು ಕೊಡಿಸಿದ್ದ. ಆ ಉಪಕಾರವನ್ನು ಅಣ್ಣ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗಂಡ ಆಗಾಗ ಹೇಳುತ್ತಿದ್ದ.

ಅಣ್ಣ ಎಡಬದಿಯ ಮುಂದಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಹಿಡಿಕೆಯ ಕೆಳಗೆ ಒಂದು ತಗ್ಗು, ಅದರ ಪಕ್ಕಕ್ಕೆ ಇನ್ನೂ ಆಳವಾದ ಇನ್ನೊಂದು. ಅಂಗೈಯನ್ನು ಬಣ್ಣದ ಮೇಲೆ ನಿಧಾನ ಎಳೆದ. ಮತ್ತೆ ಎಳೆದ.

"ಏನಾಯ್ತು?"

"ಕಂಬ," ಎಂದಳು ಅವಳು. "ರಿವರ್ಸ್ ತಗೊಳ್ಳುವಾಗ."

"ಹೂಂ," ಎಂದ ಅಣ್ಣ. ಅವಳಿಗೆ ಗಾಡಿ ಕಲಿಸಿದವನು ಅವನೇ. ಹಿಂದಕ್ಕೆ ತೆಗೆಯುವಾಗ ಅವಳು ಅದೆಷ್ಟು ಸಲ ಕತ್ತು ತಿರುಗಿಸಿ ನೋಡುತ್ತಾಳೆಂದು ಗೊತ್ತಿದ್ದವನು. ಬಾಗಿಲ ಒಳಗಿನ ಪ್ಯಾಡು ಬಿಚ್ಚಿ ಹಿಂದಿನ ಸೀಟಿನ ಮೇಲಿಟ್ಟ. ಬಾಗಿದ ಕಬ್ಬಿಣದ ಸಲಾಕೆಯೊಂದನ್ನು ಗಾಜಿನ ಸಂದಿನಿಂದ ಇಳಿಬಿಟ್ಟು, ಮೊದಲ ತಗ್ಗನ್ನು ಒಳಗಿನಿಂದ ಮೀಟತೊಡಗಿದ. ತಗಡು ಮುಲುಗುತ್ತ ಚೂರುಚೂರೇ ಮೇಲೆದ್ದಿತು.

ಗಂಡ ಅತ್ತಿಂದಿತ್ತ ಓಡಾಡುತ್ತಿದ್ದ. "ಸಂಜೆಯೊಳಗೆ ಆಗತ್ತಲ್ಲ ಭಾವ? ನಾಳೆ ಆಫೀಸಿನವರ ಕಣ್ಣಿಗೆ ಬಿದ್ದರೆ ನೂರೆಂಟು ಪ್ರಶ್ನೆ. ಹೆಂಗಸರ ಕೈಗೆ ಗಾಡಿ ಕೊಟ್ಟರೆ ಇದೇ ಹಾಡು."

"ಆಗತ್ತೆ," ಎಂದ ಅಣ್ಣ. "ಅಂಚು ಉಬ್ಬಿದೆ, ಹೊರಗಿಂದ ತಟ್ಟಿ ಕೂರಿಸಬೇಕು. ಒಳಗಡೆ ಯಾರಾದ್ರೂ ಒತ್ತಿ ಹಿಡಿಯೋರು ಬೇಕು." ತಂಗಿಯ ಕೈಗೆ ಮರದ ತುಂಡೊಂದನ್ನು ಕೊಟ್ಟ. "ಒಳಗೆ ಕೂತ್ಕೊಂಡು ಬಾಗಿಲು ಹಾಕ್ಕೋ. ಇದನ್ನ ಇಲ್ಲಿ ಒತ್ತಿ ಹಿಡಿ. ಹೆದರ್ಕೋಬೇಡ, ಮೆಲ್ಲಗೆ ತಟ್ತೀನಿ."

ಅವಳು ಎಡಬದಿಯ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡಳು. ಮೊನ್ನೆ ನೆಂಟರ ಮನೆಯಿಂದ ಬರುವಾಗ ಕೂತಿದ್ದುದೂ ಇಲ್ಲೇ. ಗಂಡ ದಾರಿ ತಪ್ಪಿದ್ದ. ಅವಳಿಗೆ ನಗು ಬಂದಿತ್ತು. ಹಿಂದಿನ ಸೀಟಿನಲ್ಲಿದ್ದ ಅವನ ಗೆಳೆಯನೂ ನಕ್ಕುಬಿಟ್ಟಿದ್ದ. ಗೆಳೆಯನನ್ನು ಇಳಿಸಿದ ಮೇಲೆ ಗಂಡ ತುಟಿ ಬಿಚ್ಚಲಿಲ್ಲ. ಮನೆಯ ಮುಂದೆ ಇಳಿದು ಅವಳ ಕಡೆಗೆ ಸುತ್ತಿ ಬರುವಾಗ ಆ ಮುಖ ನೋಡಿ, ಅವಳ ಬೆರಳು ತಾನಾಗಿ ಲಾಕಿನ ಗುಂಡಿ ಒತ್ತಿತ್ತು. ಬಾಗಿಲಿಗೆ ಒಂದು ಒದೆ. ಇನ್ನೊಂದು. ಆಮೇಲೆ ಗಾಜಿಗೆ ಬಾಯಿಟ್ಟು, ಮಗುವಿಗೆ ಹೇಳುವಂತೆ ತಗ್ಗಿದ ದನಿಯಲ್ಲಿ, "ತೆಗಿ. ನೋಡಿದೋರು ಏನಂದ್ಕೋತಾರೆ," ಎಂದಿದ್ದ. ಅವಳು ತೆಗೆದಿದ್ದಳು.

ಹೊರಗೆ ರಬ್ಬರು ಸುತ್ತಿಗೆ ಬಾಗಿಲಿಗೆ ಬಿತ್ತು. ದೊಡ್ಡ ಏಟೇನಲ್ಲ.

ಮರದ ತುಂಡು ಯಾವಾಗ ಜಾರಿತೋ ತಿಳಿಯದು. ಕಣ್ಣು ಬಿಟ್ಟಾಗ ಅವಳು ಪಕ್ಕದ ಸೀಟಿನ ಮೂಲೆಯಲ್ಲಿ ಮುದುಡಿದ್ದಳು, ಎರಡೂ ಕೈ ತಲೆಯ ಮೇಲಿದ್ದವು.

ಅಣ್ಣ ಗಾಜಿಳಿಸಿದ ಕಿಟಕಿಯಲ್ಲಿ ಬಗ್ಗಿ ಅವಳನ್ನೇ ನೋಡುತ್ತಿದ್ದ.

"ಕಂಬಕ್ಕೆ ತಾಗಿದ್ರೆ ಬಣ್ಣ ಹಾರಬೇಕಿತ್ತು," ಎಂದ, ಅವಳಿಗಷ್ಟೇ ಕೇಳುವಂತೆ. "ಗಾಡಿ ಓಡಿಸೋಳು ಆ ಕಡೆ ಇರ್ತಾಳೆ, ಈ ಬಾಗಿಲ ಸದ್ದಿಗೆ ಹೀಗೆ ಬೆದರಲ್ಲ. ಅವತ್ತು ನೀನು ಯಾವ ಕಡೆ ಕೂತಿದ್ದೆ?"

ಅವಳ ಕಣ್ಣು ಅವನ ಹೆಗಲಾಚೆ, ಅರ್ಧ ತೆರೆದ ಶಟರಿನ ಒಳಗೆ ಹೋಯಿತು. ಸಾಲಾಗಿ ತೂಗುಹಾಕಿದ ಸಲಾಕೆಗಳು, ಅವನೇ ಬಳಿದ ಗೋಡೆ, ಮೂಲೆಯಲ್ಲಿ ಅತ್ತಿಗೆ ತಂದಿಟ್ಟ ನೀರಿನ ಹೂಜಿ. ಹೇಳಿಬಿಟ್ಟರೆ ಇದಿಷ್ಟೂ ಹೋಗುತ್ತದೆ. ಇಷ್ಟು ದಿನ ಬಾಯಿ ಕಟ್ಟಿದ್ದು ಇದೇ.

"ಯಾಕೆ ನಿಲ್ಸಿದ್ರಿ?" ಗಂಡ ಹತ್ತಿರ ಬಂದ. "ಏನಂತೆ ಅವಳದ್ದು?"

"ಈ ಕಡೆ," ಎಂದಳು ಅವಳು. "ಈ ಕಡೆ ಕೂತಿದ್ದೆ ಅಣ್ಣ. ಲಾಕ್ ಮಾಡ್ಕೊಂಡಿದ್ದೆ."

ಗಂಡ ನಗಲು ನೋಡಿದ. "ಇವಳಿಗೇನೋ ತಲೆ ಕೆಟ್ಟಿದೆ, ಭಾವ."

ಅಣ್ಣ ಸುತ್ತಿಗೆಯನ್ನು ನೋಡಿಕೊಂಡ. ಅದು ತನ್ನ ಕೈಯಲ್ಲಿರುವುದೇ ಅವನಿಗೆ ಹೆದರಿಕೆ ತಂದಂತೆ, ದೂರದ ಬೆಂಚಿನ ಮೇಲೆ ಇಟ್ಟು ಬಂದ. ಆಮೇಲೆ ಬಾಗಿಲು ತೆರೆದು ಹಿಡಿದ. ಅವಳು ಈಚೆಗೆ ಸರಿದು ಇಳಿದಳು.

"ಗಾಡಿ ತಗೊಂಡು ಹೋಗಿ. ಅವಳು ಇಲ್ಲೇ ಇರ್ತಾಳೆ."

"ಕೆಲಸ ಅರ್ಧ ಆಗಿದೆ."

"ಅರ್ಧ ಸಾಕು."

ಗಂಡ ಒಮ್ಮೆ ಶೆಡ್ಡಿನ ಸೂರನ್ನು, ಒಮ್ಮೆ ಅಣ್ಣನನ್ನು ನೋಡಿದ. "ಯಾರ ಜಾಗದಲ್ಲಿ ನಿಂತು ಮಾತಾಡ್ತಿದ್ದೀಯ ಅಂತ ನೆನಪಿದೆಯೇನೋ ನಿಂಗೆ?"

ಭಾವ ಹೋಗಿ, ಬಹುವಚನವೂ ಹೋಗಿತ್ತು.

"ನೆನಪಿದೆ," ಎಂದ ಅಣ್ಣ. ದನಿ ಏರಲಿಲ್ಲ. "ದಾರಿಲಿ ಜೋಪಾನ. ಆ ಬಾಗಿಲಿನ ವೈರು ಹೊರಗಿದೆ."

ಗಂಡ ಅವಳ ಕಡೆ ಒಂದು ಹೆಜ್ಜೆ ಇಟ್ಟ. ಅಣ್ಣ ಅಡ್ಡ ಬರಲಿಲ್ಲ, ಅವಳ ಪಕ್ಕಕ್ಕೆ ಬಂದು ನಿಂತ, ಅಷ್ಟೆ. ಅವಳು ನೆಲ ನೋಡಲಿಲ್ಲ. ಕೊನೆಗೆ ಕಾರಿನ ಬಾಗಿಲು ಧಡ್ ಎಂದಿತು, ಚಕ್ರ ಕಲ್ಲು ಚಿಮ್ಮಿಸಿತು, ಸದ್ದು ತಿರುವಿನಲ್ಲಿ ಕರಗಿತು.

"ನಿನ್ನ ಹೊಟ್ಟೆಪಾಡು ಕಿತ್ಕೊಂಡೆ," ಎಂದಳು ಅವಳು.

ಅಣ್ಣ ಒಳಗೆ ಹೋಗಿ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ತಂದುಕೊಟ್ಟ. ಅವಳು ಕುಡಿದು ಮುಗಿಸುವವರೆಗೆ ಕಾದ. ಆಮೇಲೆ ಗೋಡೆಗೊರಗಿದ್ದ ಏಣಿಯನ್ನು ಎಳೆದು ತಂದು ಶಟರಿನ ಮೇಲಿದ್ದ ಬೋರ್ಡಿನ ಕೆಳಗೆ ನಿಲ್ಲಿಸಿದ.

"ಅವರ ಕಡೆಯೋರು ಬಂದು ಕಿತ್ತು ಬಿಸಾಡೋದು ಬೇಡ. ನಾನೇ ಬರೆದ ಬೋರ್ಡು, ನಾನೇ ಇಳಿಸ್ತೀನಿ," ಎಂದ. "ಏಣಿ ಅಲ್ಲಾಡತ್ತೆ. ಹಿಡ್ಕೋ."

ಅವಳು ಎರಡೂ ಕೈಯಲ್ಲಿ ಏಣಿ ಹಿಡಿದಳು. ಮೇಲೆ ಮೊಳೆ ಬಿಗಿಯಾಗಿ ಕೂತಿತ್ತು. ಅಣ್ಣ ಮೀಟಿದಂತೆಲ್ಲ ತುಕ್ಕು ಪುಡಿಪುಡಿಯಾಗಿ ಅವಳ ಕೂದಲಿಗೆ, ಹಣೆಗೆ ಉದುರುತ್ತಿತ್ತು. ಒರೆಸಿಕೊಳ್ಳಲು ಅವಳು ಕೈ ಬಿಡಲಿಲ್ಲ.