ಬೆರಳಕ್ಕನ ಗಿಡ

"ಹಾಕಬೇಡಿ" ಎಂದು ಗಿಡದಂಗಡಿಯವನು ತಂಗಿಯ ಕೈಲಿದ್ದ ನೀರಿನ ಜಗ್ಗಿಗೆ ಕೈ ಅಡ್ಡ ಹಿಡಿದ. ಆಗಲೇ ಒಂದಿಷ್ಟು ನೀರು ಕುಂಡಕ್ಕೆ ಬಿದ್ದಾಗಿತ್ತು.

"ಎಲೆ ಜೋತುಬಿದ್ದಿದೆ ನೋಡಿ" ಎಂದಳು ತಂಗಿ. "ಆಸ್ಪತ್ರೆ ಓಡಾಟದಲ್ಲಿ ಇದಕ್ಕೆ ಯಾರೂ ನೀರು ಕಾಣಿಸಿಲ್ಲ."

ಅಕ್ಕನ ಹೆಣ ಹಜಾರದ ನಡುವೆ ಇತ್ತು. ಅದಕ್ಕೆ ಜಾಗ ಮಾಡಲು ಅವಳ ಕುರ್ಚಿಯನ್ನು ಗೋಡೆಗೆ ತಳ್ಳಿ, ಪಕ್ಕದಲ್ಲಿದ್ದ ಈ ಅಗಲ ಎಲೆಯ ಗಿಡವನ್ನು ಬಾಗಿಲ ಮೂಲೆಗೆ ಎಳೆದಿದ್ದರು. ಹೆಣ ಒಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ.

"ಸಾಕಿದೋರು ಹೋದ್ರೆ ಗಿಡಾನೂ ಕೊರಗುತ್ತೆ" ಎಂದಳು ಎದುರುಮನೆಯಾಕೆ.

"ಕೊರಗಿಗೆ ಬುಡದೆಲೆ ಹಳದಿ ಆಗಲ್ಲಮ್ಮ." ಅಂಗಡಿಯವನು ಕುಕ್ಕರುಗಾಲಲ್ಲಿ ಕೂತ. "ನೀರಿಲ್ಲದಿದ್ರೂ ಹೀಗೇ ಜೋಲುತ್ತೆ, ಜಾಸ್ತಿ ಆದ್ರೂ ಹೀಗೇ. ಮುಖ ನೋಡಿ ಹೇಳೋಕಾಗಲ್ಲ. ನಿಮ್ಮಕ್ಕನೇ ಹೇಳಿಕೊಟ್ಟಿದ್ದು."

ಅವನ ಅಂಗಡಿ ಆಫೀಸುಗಳಿಗೆ ಗಿಡ ಬಾಡಿಗೆಗೆ ಕೊಡುತ್ತಿತ್ತು. ತಲೆ ನರೆಯುವವರೆಗೂ ಅಕ್ಕ ಆಫೀಸಿನಿಂದ ಆಫೀಸಿಗೆ ಹೋಗಿ ಆ ಗಿಡಗಳನ್ನು ನೋಡಿಕೊಂಡಿದ್ದಳು. ಕುಂಡ ಕಂಡರೆ ಸಾಕು, ಮೊದಲು ಮಣ್ಣಿಗೆ ಬೆರಳಿಡುವಳು. ಹಾಗಾಗಿ ಎಲ್ಲರಿಗೂ ಬೆರಳಕ್ಕ.

ಅವನೂ ಬೆರಳಿಟ್ಟ. ಬೆರಳಿಗೆ ಕರಿ ಕೆಸರು ಮೆತ್ತಿಕೊಂಡಿತು. ಮೂಸಿ ಮುಖ ಕಿವಿಚಿದ. "ಬೇರು ಕೊಳೆತಿದೆ. ದಿನಾ ಯಾರು ಹಾಕ್ತಿದ್ರು?"

"ಯಾರೂ ಇಲ್ಲ" ಎಂದಳು ತಂಗಿ. "ಮುಟ್ಟಿದ್ರೆ ಕೈ ಮುರೀತೀನಿ ಅಂತಿದ್ಲು."

"ವಯಸ್ಸಾಗಿತ್ತಲ್ಲ, ಹಾಕಿದ್ದು ಮರೆತು ಮತ್ತೆ ಹಾಕಿರ್ತಾಳೆ" ಎಂದಳು ಎದುರುಮನೆಯಾಕೆ.

"ಬೆರಳಕ್ಕಂಗೆ ಮರೆವಾ? ಹೋದ ತಿಂಗಳು ಫೋನ್ ಮಾಡಿ, ಬ್ಯಾಂಕಿನ ಗಿಡಾನ ನೀರಲ್ಲಿ ಮುಳುಗಿಸ್ತಿದ್ದೀಯ ಅಂತ ನನಗೇ ಉಗಿದ್ರು."

ತಂಗಿಗೆ ಅರ್ಧವೂ ಕೇಳಿಸಲಿಲ್ಲ. ನಿನ್ನೆ ಡಾಕ್ಟರು ಅಂದದ್ದೇ ಕಿವಿಯಲ್ಲಿತ್ತು. "ಹೃದಯ ಸೋತಿದೆ, ನೀರು ಕಮ್ಮಿ, ಅಳೆದು ಕುಡೀಬೇಕು ಅಂತ ನಿಮ್ಮಕ್ಕನಿಗೆ ಆಗಲೇ ಹೇಳಿದ್ದೆವಲ್ಲ. ನಿಮಗೆ ಹೇಳಲಿಲ್ವಾ?"

ಹೇಳಿರಲಿಲ್ಲ. ದಿನವೂ ಜಗ್ಗು ತುಂಬಿಸಿಟ್ಟು ಕುಡಿಸಿದವಳು ತಾನು. ಹಾಗಾದರೆ ಕೊಂದದ್ದು ತಾನೇನಾ?

*

ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ತಂಗಿ ತಾನೇ ಕಾಯಿಲೆ ಪತ್ತೆಮಾಡಿದ್ದಳು. "ನೀರು ಕುಡಿಯಲ್ಲ ನೀನು. ಅದಕ್ಕೇ ಹೀಗೆ ಸೊರಗಿದ್ದೀಯ."

ಬಟ್ಟೆಯಂಗಡಿಯ ಕೆಲಸಕ್ಕೆ ಹೊರಡುವ ಮುಂಚೆ ಸ್ಟೀಲಿನ ಜಗ್ಗು ತುಂಬಿಸಿ ಕುರ್ಚಿಯ ಪಕ್ಕ ಇಟ್ಟಳು. "ನಾನು ಬರೋದ್ರೊಳಗೆ ಖಾಲಿ ಆಗಿರ್ಬೇಕು."

"ನಾನೇನು ಗಿಡಾನೇನೇ?"

"ಗಿಡ ಆಗಿದ್ರೆ ಹೇಳಿದ ಮಾತು ಕೇಳ್ತಿದ್ದೆ."

ಒಬ್ಬಳೇ ಡಾಕ್ಟರ ಹತ್ತಿರ ಹೋಗಿಬಂದ ದಿನ ಅಕ್ಕ ಜಗ್ಗು ಮುಟ್ಟಿರಲಿಲ್ಲ. ತಂಗಿ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಮಾರನೆಯ ಸಂಜೆಯಿಂದ ಜಗ್ಗು ಖಾಲಿ. ತಂಗಿ ಅದನ್ನು ಬೋರಲು ಹಾಕಿ ನೋಡಿ, "ಈಗ ನೋಡು, ಮುಖದಲ್ಲಿ ಕಳೆ ಬಂದಿದೆ" ಎನ್ನುವಳು.

"ಹೂಂ ಕಣೆ" ಎನ್ನುವಳು ಅಕ್ಕ, ಊದಿದ ಕಾಲನ್ನು ಸೀರೆಯೊಳಗೆ ಎಳೆದುಕೊಂಡು.

*

ಅಂಗಡಿಯವನು ಬಿಳಿ ಪಿಂಗಾಣಿಯ ಹೊರಕುಂಡದಿಂದ ಒಳಗಿನ ಪ್ಲಾಸ್ಟಿಕ್ ಕುಂಡವನ್ನು ಮೇಲೆತ್ತಿದ. ಹೊರಕುಂಡಕ್ಕೆ ತೂತಿರಲಿಲ್ಲ. ಅದರಲ್ಲಿ ನೀರು ಬಾವಿಯಂತೆ ನಿಂತಿತ್ತು.

"ಇದು ಗಿಡಕ್ಕೆ ಹಾಕಿದ್ದಲ್ಲ, ಚೆಲ್ಲಿದ್ದು" ಎಂದ. "ಚೆಲ್ಲೋಕೆ ಸಿಂಕ್ ಇಲ್ವಾ?"

"ಕೊನೆಕೊನೆಗೆ ಅಲ್ಲೀವರೆಗೆ ನಡೆಯೋಕೆ ಎಲ್ಲಾಗ್ತಿತ್ತು ಪಾಪ" ಎಂದಳು ಎದುರುಮನೆಯಾಕೆ.

ತಂಗಿ ಕುರ್ಚಿ ನೋಡಿದಳು. ಗಿಡವಿದ್ದ ಜಾಗದಲ್ಲಿ ನೆಲದ ಮೇಲೆ ಉಳಿದಿದ್ದ ದುಂಡನೆಯ ಕಲೆ ನೋಡಿದಳು. ಕೂತಲ್ಲಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ನಂಗೊಂದು ಮಾತು ಹೇಳಬಹುದಿತ್ತಲ್ಲ."

"ನಿಂಗೆ ಹೇಳಿ ಗೆದ್ದೋರು ಯಾರಿದ್ದಾರಮ್ಮ?" ಎದುರುಮನೆಯಾಕೆ ಅಂದುಬಿಟ್ಟು, ಹೆಣದ ಕಡೆ ನೋಡಿ ಸೆರಗು ಬಾಯಿಗಿಟ್ಟುಕೊಂಡಳು.

"ಎಲ್ಲಾನೂ ಚೆಲ್ಲಿದ್ಲಾ? ಇಲ್ಲಾ ಅರ್ಧ ಕುಡಿದು ಅರ್ಧ ಚೆಲ್ಲಿದ್ಲಾ?" ತಂಗಿ ಅಂಗಡಿಯವನನ್ನೇ ಕೇಳಿದಳು.

ಅವನಿಗೆ ತಲೆಬುಡ ತಿಳಿಯಲಿಲ್ಲ. "ಗಿಡದ ವಿಷಯ ಕೇಳಿ, ಹೇಳ್ತೀನಿ. ಬೇರು ಕತ್ತರಿಸಿ, ಮಣ್ಣು ಬದಲಾಯಿಸಿದ್ರೆ ಉಳೀಬಹುದು. ಉಳಿಯದೇನೂ ಇರಬಹುದು."

ಕೆಳಗೆ ಗಾಡಿ ಬಂದು ನಿಂತ ಸದ್ದಾಯಿತು. ಎತ್ತುವವರು ಒಳಗೆ ಬಂದರು. ತಂಗಿ ಜಗ್ಗಿನಲ್ಲಿ ಉಳಿದದ್ದನ್ನು ಕಿಟಕಿಯಾಚೆ ಚೆಲ್ಲಿ ಬಂದು, ಹೊರಕುಂಡವನ್ನು ವಾಲಿಸಿ ಅಳೆಯುವವಳಂತೆ ಜಗ್ಗಿಗೆ ಬಗ್ಗಿಸತೊಡಗಿದಳು. ಕರಿನೀರು ಅಂಚಿನವರೆಗೆ ಬಂತು. ಕುಂಡದಲ್ಲಿ ಇನ್ನೂ ಇತ್ತು.

"ಈಗ ಅದನ್ನ ಯಾಕೆ ಹಿಡ್ಕೊಂಡೆ?" ಎಂದಳು ಎದುರುಮನೆಯಾಕೆ. "ಬಾ, ಎತ್ತುತ್ತಿದ್ದಾರೆ."

ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ. ತುಂಬಿದ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೆಣದ ಹಿಂದೆ ಮೆಟ್ಟಿಲಿಳಿದಳು, ತುಳುಕದಂತೆ, ಒಂದೊಂದೇ ಹೆಜ್ಜೆ ಇಡುತ್ತ.