ಈರಣ್ಣ ಇಂಗ್ಲಿಷಿನಲ್ಲಿ ಕೇಳಿದ್ದು

ಪಂಚೆಯ ತುದಿಯನ್ನು ಕುರ್ಚಿಯ ಬೆನ್ನಿಗೆ ಕಟ್ಟುವಾಗ ಅವಿನಾಶ ಗಂಟು ಬಿಚ್ಚಿ ಬಿಚ್ಚಿ ಮತ್ತೆ ಹಾಕುತ್ತಿದ್ದ. ಸಡಿಲ ಬಿಟ್ಟರೆ ಅಪ್ಪ ಮುಂದಕ್ಕೆ ವಾಲುತ್ತಾನೆ. ಬಿಗಿದರೆ ಅಪ್ಪನಿಗೆ ನೋವಾದೀತೆಂದು ಇವನಿಗೆ ಸಂಕಟ. ಅವನ ಹೆಂಡತಿ ನೀತಾ ಇನ್ನೊಂದು ಬದಿಯಲ್ಲಿ ಮಾವನ ಭುಜ ಹಿಡಿದು ನಿಂತಿದ್ದಳು.

"ಜೋರ್ ಎಳಿಯೋ," ಎಂದ ಕಾಕಾ ಮಾಂತು. "ಮೂರು ಮಾಳಿಗಿ ಇಳಿಸಬೇಕು. ಲಿಫ್ಟಿನ್ಯಾಗ ಕುರ್ಚಿ ಹಿಡಿಸೂದಿಲ್ಲ."

ಲಿಂಗಾಯತರ ಮನೆಯ ಸಾವು. ಈರಣ್ಣ ಕುಳಿತೇ ಹೋಗಬೇಕು, ಕುಳಿತೇ ಮಣ್ಣು ಸೇರಬೇಕು. ಎದುರು ಫ್ಲ್ಯಾಟಿನ ಮರಾಠಿ ಅಜ್ಜಿ ಬಾಗಿಲಲ್ಲಿ ನಿಂತು, "ಅಸಂ ಬಸವೂನ್ ನೇತಾತ್ ಕಾ ಗ?" ಎಂದು ಮೆಲ್ಲಗೆ ವಿಚಾರಿಸಿದಳು. ಹೌದು, ಹೀಗೆ ಕೂರಿಸಿಯೇ ಒಯ್ಯುತ್ತೇವೆ ಎಂದು ನೀತಾ ಮರಾಠಿಯಲ್ಲೇ ಹೇಳಿದಳು. ಸೊಂಟ ಮುರಿದಿದ್ದರಿಂದ ಕಾಲು ಮಡಚಲು ಬಾರದೆ, ಇಳಿಬಿಟ್ಟೇ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಪೇಟಾ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಪುಣೆಯ ಮಾರ್ಕೆಟ್ ಯಾರ್ಡಿನ ತನ್ನ ಬೆಲ್ಲದ ಅಂಗಡಿಯಲ್ಲಿ ಕೂತಂತೆಯೇ ಕೂತಿದ್ದ ಈರಣ್ಣ. ಒಂದು ಸಲ ಗದರಿದ್ದರೆ ಬಂದವರೆಲ್ಲ ಎದ್ದು ನಿಲ್ಲುತ್ತಿದ್ದರು.

ರುದ್ರಭೂಮಿಯಲ್ಲಿ ಗುಂಡಿ ತೋಡಿ ಆಗಿದೆಯೆಂದು ಫೋನು ಬಂತು. ಕೋರ್ಟು ತೆರೆಯುವ ಹೊತ್ತಾದರೆ ಶಿವಾಜಿನಗರದ ರಸ್ತೆಯಲ್ಲಿ ಹೆಣದ ಗಾಡಿಗೂ ದಾರಿ ಸಿಗುವುದಿಲ್ಲ. ಎಲ್ಲರಿಗೂ ಅವಸರ. ಪೂಜೆಗೆ ಬಂದಿದ್ದ ಜಂಗಮ ಅಯ್ಯನವರು ಗಂಟೆ ಬಾರಿಸುವುದನ್ನು ನಿಲ್ಲಿಸಿದರು.

ಈ ಮನೆತನದಲ್ಲಿ ಒಂದು ಪದ್ಧತಿಯಿದೆ. ಗಂಡ ಸತ್ತರೆ, ಎತ್ತುವ ಮೊದಲು ಹೆಂಡತಿಯ ಅಪ್ಪಣೆ ಕೇಳುತ್ತಾರೆ. ಆಕೆ ಹೂಂ ಎಂದ ಮೇಲೆ ಎತ್ತುವುದು. ಇದುವರೆಗೆ ಯಾರೂ ಊಹೂಂ ಎಂದದ್ದಿಲ್ಲ. ನಿಜ ಹೇಳಬೇಕೆಂದರೆ, ಕೇಳಿದವರು ಉತ್ತರಕ್ಕೆ ಕಾದದ್ದೂ ಇಲ್ಲ.

ಮಾಂತು ಅತ್ತಿಗೆಯ ಮುಂದೆ ಬಾಗಿ ಕೈಮುಗಿದ. "ವೈನಿ, ಅಪ್ಪಣಿ ಕೊಡ್ರಿ. ಅಣ್ಣನ್ನ ಒಯ್ತೀವಿ."

ಶಿವಗಂಗವ್ವ ಗೋಡೆಗೊರಗಿ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ. ಮೈದುನನ ಮುಖ ನೋಡಿದಳು, ಕುರ್ಚಿಯ ಕಡೆ ನೋಡಿದಳು.

"ವೈನಿ, ಕೇಳಿಸ್ತೇನ್ರಿ?"

"ಕೇಳಿಸ್ತು," ಎಂದಳು ಶಿವಗಂಗವ್ವ. "ಕೊಡೂದಿಲ್ಲ."

* * *

ಈರಣ್ಣನಿಗೆ ಏನನ್ನೂ ಕೇಳಿ ಪಡೆದು ಅಭ್ಯಾಸವಿರಲಿಲ್ಲ. ನೀರು ತಾ, ಬಾಗಿಲು ಹಾಕು, ಟಿ.ವಿ. ಸಣ್ಣದು ಮಾಡು. ಹಮಾಲರಿಗೂ ಅದೇ ಮಾತು, ಮಗನಿಗೂ ಅದೇ ಮಾತು. ಹೆಂಡತಿಯ ಪಾಲಿಗೆ ಮಾತೂ ಇಲ್ಲ, ಬರೀ ಕೆಮ್ಮು. ಚಹಾದ ಕೆಮ್ಮು ಬೇರೆ, ಊಟದ ಕೆಮ್ಮು ಬೇರೆ. ಶಿವಗಂಗವ್ವ ಎರಡನ್ನೂ ಗುರುತು ಹಿಡಿದು ಏಳುತ್ತಿದ್ದಳು.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ಅಂಗಡಿ ಮಗನ ಕೈಗೆ ಹೋಯಿತು, ದನಿಯಲ್ಲಿದ್ದ ಜೋರು ಎಲ್ಲಿ ಹೋಯಿತೋ ತಿಳಿಯದು. ಗದರಲು ಮುಖವಿಲ್ಲ, ಕೇಳಲು ಬಾಯಿಲ್ಲ; ಬಾಯಾರಿದರೂ ಸುಮ್ಮನೆ ಮಲಗಿರುತ್ತಿದ್ದ. ವಿಮಾ ಕಚೇರಿಯ ಕೆಲಸ ಮುಗಿಸಿ ಬಂದ ನೀತಾ ಒಂದು ಸಂಜೆ ಅವನ ಒಣಗಿದ ತುಟಿ ನೋಡಿ, "ಮಾವಾರ, ನೀರು ಬೇಕಂತ ಕೇಳಬಾರದೇನ್ರಿ?" ಎಂದಳು.

"ಕೇಳೂದು ಬರೂದಿಲ್ಲವ್ವಾ," ಎಂದ ಈರಣ್ಣ. ತಮಾಷೆಗೆ ಹೇಳಿದ್ದಲ್ಲ. ಅವಳ ಕೈಯಲ್ಲಿದ್ದ ಫೋನಿನ ಕಡೆ ಬೊಟ್ಟು ಮಾಡಿ, "ನೀ ಫೋನಿನ್ಯಾಗ ನಿಮ್ಮ ಸಾಹೇಬರಿಗೆ ರಜಾ ಕೇಳ್ತೀಯಲ್ಲ ಇಂಗ್ಲೀಷಿನ್ಯಾಗ... ಅದರಾಗ ಹೆಂಗ ಕೇಳ್ತಾರ?" ಎಂದ.

ನೀತಾ ಕಲಿಸಿದಳು. ಮರುದಿನ ಬೆಳಿಗ್ಗೆ ಕೋಣೆಯೊಳಗಿಂದ, "ಮೇ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?" ಎಂಬ ದನಿ ಬಂತು. ಅವಿನಾಶ ಬಾಯಿಗೆ ಟವೆಲ್ಲು ಒತ್ತಿಕೊಂಡು ನಕ್ಕ. ನೀರು ಕೊಟ್ಟು ಬಂದ ಮೇಲೆ ಅದೇ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ಆಮೇಲೆ ಮುದುಕನಿಗೆ ತಡೆಯೇ ಇಲ್ಲ. ಕಿಟಕಿ ತೆರೆಯಲು ಮೇ ಐ, ಪೇಪರು ಓದಲು ಮೇ ಐ, ಹಾಲಿನವನಿಗೂ ಪ್ಲೀಸ್. ಕನ್ನಡದಲ್ಲಿ ಬೇಡಿದರೆ ಬೆಲ್ಲದ ಈರಣ್ಣನೇ ಬೇಡಿದಂತಾಗುತ್ತದೆ. ಇಂಗ್ಲಿಷಿನಲ್ಲಿ ಕೇಳುವವನು ಬೇರೆ ಯಾರೋ ಒಬ್ಬ ಸಭ್ಯ ಮುದುಕ. ನೀತಾಳಿಗೆ ಇದು ಅರ್ಥವಾಗಿತ್ತು. ಆ ಸಭ್ಯ ಮುದುಕನ ಮೇಲೆ ಅವಳಿಗೆ ಮಮತೆಯೂ ಹುಟ್ಟಿತ್ತು.

ವಾಕರ್ ಹಿಡಿದು ನಡೆಯಲು ಬಂದ ಮೇಲೆ ಈರಣ್ಣ ಮಧ್ಯಾಹ್ನದ ಹೊತ್ತು ಅಡಿಗೆಮನೆಯ ಬಾಗಿಲಿಗೆ ಹೋಗತೊಡಗಿದ. ಅದು ಶಿವಗಂಗವ್ವನ ರಾಜ್ಯ. ಅವನು ಯಾವತ್ತೂ ಅದರೊಳಗೆ ಕಾಲಿಟ್ಟವನಲ್ಲ. ಅವಳು ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಮೇ ಐ ಸಿಟ್ ಹಿಯರ್?"

ಶಿವಗಂಗವ್ವ ತಲೆಯೆತ್ತದೆ ಎದ್ದು ಚಹಾಕ್ಕೆ ಇಟ್ಟಳು. ಅವನು ಬಾಗಿಲಲ್ಲೇ ನಿಂತು ಕುಡಿದು, ಹೋದ. ಮರುದಿನ ಮತ್ತೆ ಬಂದ, ಅದನ್ನೇ ಕೇಳಿದ, ಚಹಾ ಕುಡಿದು ಹೋದ.

"ಏನಂತಾರವ್ವಾ ಅವರು?" ಎಂದು ಅವಳು ಸೊಸೆಯನ್ನು ಕೇಳಿದ್ದಳು.

"ಇಲ್ಲಿ ಕೂಡಲೇನು ಅಂತ ನಿಮ್ಮನ್ನ ಕೇಳಾಕತ್ತಾರ್ರಿ."

ರೊಟ್ಟಿ ಬಡಿಯುವ ಕೈ ನಿಂತಿತು. "ಹಂಗೇನು! ನನ್ನ ಬೈಯಾಕ ಕನ್ನಡ ಬೇಕು, ಕೇಳಾಕ ಮಾತ್ರ ಇಂಗ್ಲೀಷ್ ಬೇಕು. ನನಗ ತಿಳಿಯೂ ಮಾತಿನ್ಯಾಗ ಒಂದ ಸಲ ಕೇಳಲಿ. ಮಣಿ ಹಾಕಿ ಕೂಡಿಸ್ತೀನಿ."

"ಈಗ ತಿಳೀತಲ್ಲರಿ ನಿಮಗ?"

"ನನಗ ತಿಳಿದದ್ದು ಅವರಿಗೆ ಹೇಳಬ್ಯಾಡ."

ನೀತಾ ಹೇಳಲಿಲ್ಲ. ಇಂದಲ್ಲ ನಾಳೆ ಮುದುಕ ಕನ್ನಡದಲ್ಲಿ ಕೇಳಿಯಾನು, ಇಲ್ಲವೇ ಮುದುಕಿಯ ಹಟ ಕರಗೀತು ಎಂದುಕೊಂಡಳು. ಮಳೆಗಾಲ ಹೋಗಿ ಚಳಿ ಬಂತು. ನಿನ್ನೆ ಮಧ್ಯಾಹ್ನವೂ ಈರಣ್ಣ ಬಂದು ಕೇಳಿ, ನಿಂತೇ ಚಹಾ ಕುಡಿದು ಹೋಗಿದ್ದ. ಇವತ್ತು ನಸುಕಿಗೇ ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಾಗ ಕೋಣೆಯಿಂದ ಮಗ ಚೀರಿದ.

* * *

"ಕೊಡೂದಿಲ್ಲಂದ್ರ ಹೆಂಗ್ರಿ ವೈನಿ?" ಮಾಂತು ಮುಗಿದ ಕೈ ಇಳಿಸದೆಯೇ ಕೇಳಿದ. "ಮಂದಿ ಕಾಯಾಕತ್ತಾರ."

"ದುಃಖಕ್ಕ ಹಿಂಗ ಆಗತದ. ನೀರು ಕುಡಿಸ್ರಿ," ಎಂದರು ಬಂದವರಲ್ಲೊಬ್ಬರು.

ಅವಿನಾಶ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಅವ್ವಾ, ಹೂಂ ಅಂದುಬಿಡು. ಅಪ್ಪನ್ನ ಎಷ್ಟೊತ್ತು ಹಿಂಗ ಕೂಡಿಸೂದು?"

ಶಿವಗಂಗವ್ವ ಗುಂಪಿನಲ್ಲಿ ಸೊಸೆಯನ್ನು ಹುಡುಕಿದಳು. "ನೀತಾ, ನಿನ್ನೆನೂ ಕೇಳಿದ್ರು, ಹೌದಲ್ಲ?"

"ಹೌದ್ರಿ."

"ನಾ ಸೊಕ್ಕು ಮಾಡಿದ್ನೇನು?"

ಇಲ್ಲ ಎನ್ನುವುದು ಸುಲಭವಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ಹೌದು ಎಂದರೆ, ಒಂದು ಆಯುಷ್ಯವಿಡೀ ಕೆಮ್ಮಿಗೆ ಎದ್ದವಳಿಗೆ ಅನ್ಯಾಯ. ನೀತಾ ಅತ್ತೆಯ ಪಕ್ಕಕ್ಕೆ ಬಂದು ಕೂತಳು. "ಅವರೂ ಕಾದ್ರು ಅತ್ಯಾರ," ಎಂದಳು. "ನೀವೂ ಕಾದ್ರಿ."

ಶಿವಗಂಗವ್ವ ಅಷ್ಟು ಹೊತ್ತಿನ ಮೇಲೆ ಅತ್ತಳು. ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ನಿಂತಳು. "ಮಾಂತಪ್ಪ, ಕುರ್ಚಿ ಎತ್ರಿ. ಕೆಳಗ ಒಯ್ಯಾಕಲ್ಲ. ಮೊದಲ ಅಡಿಗಿಮನಿಗೆ ತರ್ರಿ."

"ಅಡಿಗಿಮನ್ಯಾಗ ಹೆಣಾ?" ಮಾಂತು ಹೌಹಾರಿದ. "ಒಲಿ ಅದ, ಕುಡಿಯೂ ನೀರು ಅದ. ಮಂದಿ ಏನಂದಾರ್ರಿ? ಅಯ್ಯಾರ, ನೀವರೆ ತಿಳಿಸಿ ಹೇಳ್ರಿ."

ಅಯ್ಯನವರು ಗಂಟೆಯನ್ನು ಜೋಳಿಗೆಗೆ ಹಾಕಿದರು. "ನಮ್ಮೊಳಗ ಸೂತಕ ಎಲ್ಲಿ ಅದನೋ? ಲಿಂಗ ಕಟ್ಟಿದ ದೇಹ ಅದು. ಅಪ್ಪಣಿ ಕೇಳಿದಾಂವ ನೀನು. ಈಗ ಆಕಿ ಕೊಟ್ಟ ಅಪ್ಪಣಿ ನಡಸು."

ಅವಿನಾಶ ಮುಂದೆ ಹಿಡಿದ, ಮಾಂತು ಗೊಣಗುತ್ತ ಹಿಂದೆ ಹಿಡಿದ, ಇನ್ನಿಬ್ಬರು ಕೈಹಾಕಿದರು. ಪುಣೆಯ ಹಳೆಯ ಫ್ಲ್ಯಾಟಿನ ಅಡಿಗೆಮನೆಯ ಬಾಗಿಲು. ಸಿಲಿಂಡರು ಒಯ್ಯುವುದೇ ಕಷ್ಟ. ಕುರ್ಚಿಯ ಕೈ ಚೌಕಟ್ಟಿಗೆ ಸಿಕ್ಕಿಕೊಂಡಿತು, ಹೂವು ಉದುರಿತು. "ಸಂಭಾಳಿಸ್ರಿ, ತಲಿ, ತಲಿ," ಎಂದು ನೀತಾ ಕೂಗಿದಳು. ಓರೆ ಮಾಡಿ, ಮುಂದಕ್ಕೆ ಬಾಗಿಸಿ ಒಳಗೆ ತಂದರು.

ಶಿವಗಂಗವ್ವ ಉಳ್ಳಾಗಡ್ಡಿ ಬುಟ್ಟಿ ಸರಿಸಿ, ಹಿಟ್ಟು ನಾದುವ ಪರಾತವನ್ನು ಬದಿಗಿಟ್ಟು, ತಾನು ದಿನಾ ಕೂಡುವ ಜಾಗದ ಪಕ್ಕಕ್ಕೆ ಕೈ ತೋರಿಸಿದಳು. "ಇಲ್ಲೆ. ಇಲ್ಲೆ ಕೂಡಿಸ್ರಿ." ಬೆಳಿಗ್ಗೆ ಅರ್ಧಕ್ಕೆ ಬಿಟ್ಟು ಎದ್ದ ರೊಟ್ಟಿಯ ಹಿಟ್ಟು ನೆಲದ ಮೇಲೆ ಹಾಗೇ ಚೆಲ್ಲಿಕೊಂಡಿತ್ತು, ಕಸ ಹೊಡೆಯುವ ನೆನಪು ಯಾರಿಗೂ ಆಗಿರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೊರಗೆ ಬಂದು ನೀತಾ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ಶಿವಗಂಗವ್ವನ ಮಾತು ಕೇಳುತ್ತಿತ್ತು. ಏನು ಮಾತೆಂದು ತಿಳಿಯುತ್ತಿರಲಿಲ್ಲ, ಮನೆಯ ಸಾದಾ ಮಾತಿನ ಧಾಟಿಯಲ್ಲೇ ಇತ್ತು. ಹೊರಗಿನವರು ಗಡಿಯಾರ ನೋಡುವುದನ್ನು ಬಿಟ್ಟರು.

ಆಮೇಲೆ ಬಾಗಿಲು ತೆರೆಯಿತು. "ಹೂಂ," ಎಂದಳು ಶಿವಗಂಗವ್ವ. "ಇನ್ನ ಒಯ್ರಿ."

ಮೆಟ್ಟಿಲು ಇಳಿದು ಗಾಡಿಗೆ ಏರಿಸುವಾಗ ಮಾಂತುವಿನ ಕಣ್ಣು ಅಣ್ಣನ ಕಾಲಿನ ಮೇಲೆ ಬಿತ್ತು. ಎರಡೂ ಪಾದಗಳಿಗೆ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಒರೆಸಲು ಬಾಗಿದ. ನೀತಾ ಅವನ ಕೈ ಹಿಡಿದು ತಡೆದಳು.