ಹೂಂ ಅಂದಿದ್ದಕ್ಕೆ

"ಕೈ ಕೆಳಗಿಡು. ಮೇಜಿನ ಮೇಲೆ ಇಡಬೇಡ ಅದನ್ನ. ಈಗಷ್ಟೇ ಊಟ ಮಾಡ್ಕೊಂಡು ಬಂದಿದೀನಿ."

ಮಡಿಕೆಯಕ್ಕ ಬಟ್ಟೆ ಸುತ್ತಿದ ಬಲಗೈಯನ್ನು, ಅದು ಯಾರದೋ ಪರರ ಸಾಮಾನು ಎಂಬಂತೆ ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ದೊಡ್ಡ ಲಾಂಡ್ರಿಯೊಂದರಲ್ಲಿ ಆಸ್ಪತ್ರೆ, ಹೋಟೆಲುಗಳ ಚಾದರ ಮಡಿಸುವವಳಾದ್ದರಿಂದ ಅವಳಿಗೆ ಆ ಹೆಸರು. ಒದ್ದೆ ಚಾದರವನ್ನು ಇಸ್ತ್ರಿ ಯಂತ್ರದ ಕಾದ ಉರುಳೆಗಳ ನಡುವೆ ಬಿಡುವಾಗ ಒಂದು ದಿನ ಚಾದರದ ಜೊತೆ ಕೈಯೂ ಒಳಗೆ ಹೋಯಿತು. ಚಾದರ ಒಂದು ಸುಕ್ಕೂ ಇಲ್ಲದೆ ಹೊರಬಂತು ಎಂದು ಮೇಸ್ತ್ರಿ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಕೈ ಹೇಗೆ ಹೊರಬಂತು ಎಂದು ಅವನನ್ನು ಯಾರೂ ಕೇಳಲಿಲ್ಲ.

ಬಂದವರಿಗೆ ಕುರ್ಚಿ ಒಂದೇ ಇದ್ದುದರಿಂದ ಅವಳ ನಾದಿನಿ ಹಿಂದೆ ನಿಂತಿದ್ದಳು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

"ದೂರು ವಿಭಾಗ ಅಂತ ಯಾಕೆ ಬರೆದಿದಾರೆ ಅಂತ ಈಗ ಗೊತ್ತಾಯ್ತು ನೋಡು ಅತ್ತಿಗೆ. ಎಷ್ಟು ದೂರ ಇಟ್ಟಿದಾರೆ!"

ಸಾಲದ ಕಂಪನಿಯ ದೂರಿನ ಸಾಹೇಬ ಮೇಜಿನ ಮೇಲಿದ್ದ ಪುಟ್ಟ ಯಂತ್ರವೊಂದರ ಗುಂಡಿ ಒತ್ತಿದ. ಅದರಲ್ಲಿ ಕೆಂಪು ದೀಪ ಹತ್ತಿತು. ಸಾಹೇಬನ ಮುಖದಲ್ಲೂ ಏನೋ ಹತ್ತಿಕೊಂಡಿತು.

"ನಮಸ್ಕಾರ ತಾಯಿ. ಈ ಮಾತುಕತೆ ದಾಖಲಾಗುತ್ತಿದೆ. ದಯವಿಟ್ಟು ತಮ್ಮ ದೂರು ಹೇಳಿ."

ಯಾವ ತಾಯಿ ಬಂದಳೋ ಎಂದು ನಾದಿನಿ ಬಾಗಿಲ ಕಡೆ ತಿರುಗಿ ನೋಡಿದಳು.

"ಮನೆಗೆ ತಗಡು ಹೊದಿಸೋಕೆ ನಿಮ್ಮ ಹತ್ರ ಸಾಲ ತಗೊಂಡೆ ಸಾರ್," ಎಂದು ಮಡಿಕೆಯಕ್ಕ ಶುರು ಮಾಡಿದಳು. "ಆಗ ನಿಮ್ಮೋರೇ ಒಬ್ಬರು ಫೋನ್ ಮಾಡಿ, ಸಾಲದ ಜೊತೆ ವಿಮೆ ಮಾಡಿಸಮ್ಮ, ಕೈಕಾಲು ಊನ ಆಗಿ ಕೆಲಸ ನಿಂತ್ರೆ ಕಂತು ವಿಮೆಯೋರೇ ಕಟ್ತಾರೆ ಅಂದ್ರು. ಕಂತಿನ ಜೊತೆ ಅದರ ದುಡ್ಡೂ ಕಟ್ಕೊಂಡು ಬಂದೆ. ಈಗ ಕೈ ಹೋಗಿದೆ. ವಿಮೆಯೋರು ಕಟ್ಟಲಿಲ್ಲ. ಕಂತು ನಿಂತಿದ್ದಕ್ಕೆ ನಿಮ್ಮೋರು ನಾಳೆ ಬಂದು ತಗಡು ಬಿಚ್ಕೊಂಡು ಹೋಗ್ತಾರಂತೆ."

"ವಿಮೆ ಇದೆಯಲ್ಲ ತಾಯಿ. ತಮಗೆ ಅನ್ವಯ ಆಗೋದಿಲ್ಲ, ಅಷ್ಟೇ. ಅದು ಖಾಯಂ ನೌಕರರಿಗೆ. ತಾವು ದಿನಗೂಲಿ."

"ಮತ್ತೆ ನನ್ನ ಹತ್ರ ದುಡ್ಡು ಯಾಕೆ ತಗೊಂಡ್ರಿ?"

"ವಿಮೆ ಇರೋದಕ್ಕೆ."

"ಸೋಪು ಮಾರಿಬಿಟ್ಟು ನೀರು ತಾಗಿಸಬೇಡ ಅಂದ ಹಾಗಾಯ್ತು," ಎಂದಳು ನಾದಿನಿ. "ಬೋಳೀಮಕ್ಕಳಾ!"

ಸಾಹೇಬ ಗುಂಡಿ ಒತ್ತಿದ. ದೀಪ ಆರಿತು. "ಏಯ್, ಇನ್ನೊಂದ್ಸಲ ಬಾಯಿ ಬಿಟ್ಟರೆ ಇಬ್ಬರನ್ನೂ ಮೆಟ್ಟಿಲ ಮೇಲಿಂದ ಉರುಳಿಸ್ತೀನಿ. ಗಬ್ಬು ನಾಯಿಗಳು." ಮತ್ತೆ ಒತ್ತಿದ. ದೀಪ ಹತ್ತಿತು. "ಮುಂದುವರಿಸಿ ತಾಯಿ."

"ಖಾಯಮ್ಮಾ ಕೂಲಿಯಾ ಅಂತ ಅವರು ನನ್ನ ಕೇಳಲೇ ಇಲ್ಲ ಸಾರ್."

"ಕೇಳಿದ್ದಾರೆ. ತಾವು ಒಪ್ಪಿದ್ದೀರಿ. ಆವತ್ತಿನ ಫೋನ್ ಮಾತು ಇಲ್ಲೇ ಇದೆ, ಕೇಳಿಸ್ಕೊಳ್ಳಿ."

ಅವನು ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಮೊದಲು ಉರುಳೆಗಳ ಗಡಗಡ ಸದ್ದು ಬಂತು. ಮಡಿಕೆಯಕ್ಕ ತನಗೇ ತಿಳಿಯದೆ ಕೈ ಹಿಂದಕ್ಕೆಳೆದುಕೊಂಡಳು. ಸದ್ದಿನ ನಡುವೆ ಒಂದು ದನಿ ಬಿಟ್ಟ ನಲ್ಲಿಯಂತೆ ಸುರಿಯುತ್ತಿತ್ತು.

"...ತಾವು ಖಾಯಂ ನೌಕರರೆಂದೂ ಷರತ್ತುಗಳನ್ನೆಲ್ಲ ತಿಳಿದುಕೊಂಡಿದ್ದೀರೆಂದೂ ದೃಢಪಡಿಸುತ್ತೀರಾ?"

"ಹೂಂ."

ದೂರದಿಂದ ಮೇಸ್ತ್ರಿಯ ಗಂಟಲು: "ಚಾದರ ಬಿಡೇ ಮುಂಡೇದೇ, ನಿದ್ದೆ ಮಾಡ್ತಿದೀಯಾ?"

"ಹೂಂ."

"ವಿಮೆಗೆ ತಮ್ಮ ಸಮ್ಮತಿ ಇದೆಯೇ?"

"ಹೂಂ."

ತನ್ನ ದನಿಯನ್ನು ಹೊರಗಿನಿಂದ ಅವಳು ಹಿಂದೆಂದೂ ಕೇಳಿರಲಿಲ್ಲ. ಎಷ್ಟು ಮೆತ್ತಗಿತ್ತು! ನೆಂಟರನ್ನು ಒಳಗೆ ಕರೆಯುವವಳ ಹಾಗೆ.

"ಅದು ಕೇಳಿಸ್ಕೊತಾ ಇದೀನಿ ಅನ್ನೋ ಹೂಂ ಸಾರ್. ಒಪ್ಪಿಕೊಂಡ ಹೂಂ ಅಲ್ಲ."

"ಹೂಂನಲ್ಲಿ ಎರಡು ಥರ ಇಲ್ಲ ತಾಯಿ. ನಿಯಮದಲ್ಲಿ ಒಂದೇ."

"ನಡುವಿನದಂತೂ ಮೇಸ್ತ್ರಿಗೆ ಅಂದಿದ್ದು."

"ಯಾರಿಗೆ ಅಂದ್ರಿ ಅನ್ನೋದು ನಿಯಮದಲ್ಲಿ ಬರಲ್ಲ."

ಮಡಿಕೆಯಕ್ಕ ಹುಟ್ಟಿದಾಗಿನಿಂದ ಹೂಂಗುಟ್ಟಿಕೊಂಡೇ ಬಂದವಳು. ಹೂಂ ಅನ್ನದಿದ್ದರೆ ಅವಳ ಅಜ್ಜಿ ಕಥೆಯ ರಾಕ್ಷಸನನ್ನು ಅರ್ಧ ದಾರಿಯಲ್ಲೇ ಬಿಟ್ಟು ಮುಸುಕೆಳೆಯುತ್ತಿದ್ದಳು. ಎದುರಿಗೆ ಯಾರು ಬಾಯಿ ತೆರೆದರೂ ಹೂಂ ಅನ್ನುವುದು ಮರ್ಯಾದೆ ಎಂದು ಬೆಳೆದಿದ್ದಳು. ಈ ಬೆರಳುಗಳು ಇನ್ನು ಮಡಚುವುದಿಲ್ಲ ಎಂದು ಹೇಳಿದ ಡಾಕ್ಟರಿಗೂ ಹೂಂ ಅಂದೇ ಎದ್ದು ಬಂದಿದ್ದಳು.

"ಸರಿ," ಎಂದ ಸಾಹೇಬ. "ದೂರು ಇತ್ಯರ್ಥ ಆಯ್ತು, ತಮಗೆ ಸಮಾಧಾನ ಆಯ್ತು ಅಂತ ಒಂದು ಹೂಂ ಅಂದುಬಿಡಿ, ಮುಗಿಸೋಣ."

ಅಭ್ಯಾಸಬಲದಿಂದ ಅವಳ ಬಾಯಿ ತೆರೆಯಿತು. ನಾದಿನಿ ಬೆನ್ನು ಚಿವುಟಿದಳು. ಬಾಯಿ ಮುಚ್ಚಿತು.

"ಕೇಳಿಸ್ತಾ ತಾಯಿ?"

"ಕೇಳಿಸ್ತು."

"ಹಾಗಾದ್ರೆ ಹೂಂ ಅನ್ನಿ."

"ಕೇಳಿಸ್ತು ಅಂದ್ನಲ್ಲ ಸಾರ್."

ದೀಪ ಆರಿತು. "ಅನ್ನೇ ಸುಮ್ನೆ! ತಲೆ ತಿನ್ನೋಕೆ ಬಂದಿದೀಯಾ?" ದೀಪ ಹತ್ತಿತು. "ಅನ್ನಿ ತಾಯಿ."

ಹೂಂ ಇಲ್ಲದೆ ಕಂಪ್ಯೂಟರು ಮುಂದಿನ ಪುಟ ಬಿಚ್ಚುತ್ತಿರಲಿಲ್ಲ. ಸಾಹೇಬ ಕುರ್ಚಿಗೊರಗಿ, ಕಣ್ಣನ್ನು ಪರದೆಯ ಮೇಲೇ ನೆಟ್ಟು ಕಾದು ಕೂತ. ಸುಮ್ಮನೆ ಕೂರುವುದು ಮರ್ಯಾದೆಯಲ್ಲವೆಂದು ಮಡಿಕೆಯಕ್ಕ ಮಾತು ಹಿಡಿದಳು.

"ಆವತ್ತು ಉರುಳೆ ನಿಲ್ಲಿಸೋ ಗುಂಡಿ ಕೆಟ್ಟಿತ್ತು ಸಾರ್."

"ಹೂಂ," ಎಂದ ಸಾಹೇಬ, ಪರದೆ ನೋಡುತ್ತ.

"ಮೇಸ್ತ್ರಿಗೆ ಬೆಳಿಗ್ಗೇನೇ ಹೇಳಿದ್ದೆ. ರಿಪೇರಿಗೆ ಹೊತ್ತಿಲ್ಲ ಅಂದ."

"ಹೂಂ."

"ಕೈ ಸಿಕ್ಕಿಕೊಂಡ ಮೇಲೂ ಮೇನ್ ಸ್ವಿಚ್ಚು ಆರಿಸೋಕೆ ಬಿಡಲಿಲ್ಲ. ಚಾದರ ಸುಟ್ಟುಹೋಗುತ್ತೆ, ಪೂರ್ತಿ ಈಚೆ ಬರಲಿ ಅಂದ."

"ಹೂಂ."

ಆ ಮೂರನೆಯ ಹೂಂಗೆ ಮಡಿಕೆಯಕ್ಕನ ಕಿವಿ ನಿಮಿರಿತು. ಅವಳು ದನಿಯನ್ನು ಏರಿಸಲಿಲ್ಲ, ಇಳಿಸಲಿಲ್ಲ. ಅದೇ ಕಥೆಯ ದನಿ.

"ಕೂಲಿಯವಳಿಗೆ ಈ ವಿಮೆ ಮಾರಿದ್ದು ತಪ್ಪು."

"ಹೂಂ."

"ಕಟ್ಟಿಸ್ಕೊಂಡಿದ್ದನ್ನ ವಾಪಸ್ ಕೊಡ್ತೀರಿ."

"ಹೂಂ."

"ನಾಳೆ ನನ್ನ ಮನೆ ತಗಡು ಮುಟ್ಟಲ್ಲ."

"ಹೂಂ... ಏನಂದೆ?"

ದೀಪ ಕೆಂಪಗೆ ಉರಿಯುತ್ತಿತ್ತು. ಮೂವರೂ ಅದನ್ನೇ ನೋಡಿದರು.

"ಅಲ್ಲ! ಅದು... ಸುಮ್ನೆ ಕೇಳ್ತಾ ಇದೀನಿ ಅನ್ನೋ ಹೂಂ ಅದು! ಒಪ್ಪಿದ್ದಲ್ಲ!" ಎಂದು ಸಾಹೇಬ ಕೂಗಿದ. ಯಂತ್ರ ಅದನ್ನೂ ವಿಧೇಯವಾಗಿ ನುಂಗಿಕೊಂಡಿತು.

"ಹಾಗಂತ ನಾನೂ ಹೇಳಿದ್ದು ಸಾರ್."

ಸಾಹೇಬ ಕಂಪ್ಯೂಟರನ್ನು ಟಪಟಪ ಒತ್ತಿದ. ಪರದೆಯ ಮೇಲೆ ಬಂದ ಸಾಲನ್ನು ತುಟಿಯಲ್ಲೇ ಓದಿಕೊಂಡ, ಆಮೇಲೆ ಕೇಳಿಸುವಂತೆ ಓದಿದ: ದಾಖಲೆ ಅಳಿಸಲು ದೂರುದಾರರ ಸಮ್ಮತಿ ಅಗತ್ಯ.

"ತಾಯಿ," ಎಂದ. ಈ ಸಲ ದೀಪದ ನೆನಪೇ ಅವನಿಗೆ ಇರಲಿಲ್ಲ. "ನಿಮ್ಮ ದಮ್ಮಯ್ಯ. ಒಂದೇ ಒಂದು ಹೂಂ. ಇದು ಮೇಲಕ್ಕೆ ಹೋದ್ರೆ ನನ್ನ ಕೆಲಸ ಹೋಗುತ್ತೆ."

"ಹೋದ್ರೆ ಏನೀಗ? ನೀವು ಖಾಯಂ," ಎಂದಳು ನಾದಿನಿ. "ವಿಮೆ ನಿಮಗೆ ಅನ್ವಯ ಆಗುತ್ತೆ."

ಮಡಿಕೆಯಕ್ಕ ತುಟಿ ಬಿಗಿದು, ಕೈಯನ್ನು ಮಡಿಲಿನಿಂದೆತ್ತಿ ಮೇಜಿನ ಮೇಲೆ, ಅವನ ಮೂಗಿನ ಕೆಳಗೇ ಇಟ್ಟಳು.

ಸಾಹೇಬ ಕುರ್ಚಿ ಉರುಳಿಸಿಕೊಂಡು ಎದ್ದ. "ಕಾವಲಿನವನೇ! ಈ ಸೂಳೇರನ್ನ ಎಳೆದು ಆಚೆಗೆ ಹಾಕೋ!"

ಬಾಗಿಲ ಬಳಿ, ಯಾರೋ ದೊಡ್ಡ ಮೈಯವನಿಗೆ ಹೊಲಿಸಿದ ಸಮವಸ್ತ್ರದಲ್ಲಿ ನಿಂತಿದ್ದ ದಿನಗೂಲಿ ಕಾವಲುಗಾರ, ಮೇಜಿನ ಮೇಲಿನ ಕೈ ನೋಡಿದ, ಸಾಹೇಬನನ್ನು ನೋಡಿದ.

"ಹೂಂ ಸಾರ್," ಎಂದ.

ಎಂದವನು, ನಿಂತಲ್ಲೇ ನಿಂತಿದ್ದ.